ಟಿಎಸ್‌ಎಚ್ ಜಾಸ್ತಿ ಬಂದರೆ ಥೈರಾಯ್ಡ್ ಕಡಿಮೆ ಅಂತಾರಲ್ಲ, ಅದು ಹೇಗೆ?

ಪ್ರಶ್ನೆ: ನನಗೆ 36 ವರ್ಷ. ಕೆಲವು ತಿಂಗಳಿಂದ ವಿಪರೀತ ಸುಸ್ತು, ಚಳಿ ತಡೆಯುವುದಿಲ್ಲ, ತೂಕವೂ ಏರಿದೆ. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ 14 ಬಂದಿದೆ, ಇರಬೇಕಾದದ್ದು ಸುಮಾರು 4ರ ಒಳಗೆ. ಫ್ರೀ ಟಿ4 0.6 ಇದೆ, ಇರಬೇಕಾದದ್ದು 0.8ಕ್ಕಿಂತ ಮೇಲೆ. ಡಾಕ್ಟರು ‘ಥೈರಾಯ್ಡ್ ಕಡಿಮೆ ಇದೆ’ ಅಂದರು. 14 ಅಂದರೆ ಜಾಸ್ತಿ ತಾನೇ? ಕಡಿಮೆ ಹೇಗಾಯಿತು? ಮಾತ್ರೆಯನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕಂತೆ. ಹೊರಗಿನಿಂದ ಕೊಡುತ್ತಾ ಹೋದರೆ ನನ್ನ ಗ್ರಂಥಿ ಸೋಮಾರಿಯಾಗುವುದಿಲ್ಲವೇ? ಇಷ್ಟು ಚಿಕ್ಕ ಗ್ರಂಥಿಗಳು ಇಡೀ ದೇಹವನ್ನು ಹೇಗೆ ನಡೆಸುತ್ತವೆ ಅನ್ನುವುದನ್ನೂ ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ನಿಮ್ಮ ಗೊಂದಲಕ್ಕೆ ಕಾರಣ ನೀವಲ್ಲ, ಆ ರಿಪೋರ್ಟು. ಮೇಲೆ ‘ಥೈರಾಯ್ಡ್ ಪರೀಕ್ಷೆ’ ಅಂತ ತಲೆಬರಹ ಹಾಕಿರುತ್ತಾರೆ. ಆದರೆ ಎಲ್ಲರ ಕಣ್ಣು ಹೋಗುವ ಆ ಟಿಎಸ್‌ಎಚ್ ಥೈರಾಯ್ಡಿನದ್ದೇ ಅಲ್ಲ. ಥೈರಾಯ್ಡ್ ಇರುವುದು ಕುತ್ತಿಗೆಯ ಮುಂಭಾಗದಲ್ಲಿ. ಟಿಎಸ್‌ಎಚ್ ಬರುವುದು ಮಿದುಳಿನ ಬುಡದಲ್ಲಿ ನೇತಾಡುವ, ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿಯಿಂದ. ಅದು ಥೈರಾಯ್ಡಿಗೆ ಹೋಗುವ ಕರೆ, ‘ಕೆಲಸ ಮಾಡು’ ಅನ್ನುವ ಕೂಗು. ಥೈರಾಯ್ಡ್ ಕೊಡುವ ಉತ್ತರ ಟಿ4 ಮತ್ತು ಟಿ3 ಅನ್ನುವ ಹಾರ್ಮೋನುಗಳು.

ಈಗ ಯೋಚನೆ ಮಾಡಿ. ಒಳಕೋಣೆಯಲ್ಲಿರುವ ಯಾರನ್ನೋ ಕರೆಯುತ್ತೀರಿ. ಅವರು ಓಗೊಟ್ಟರೆ ಸುಮ್ಮನಾಗುತ್ತೀರಿ. ಓಗೊಡದಿದ್ದರೆ ದನಿ ಏರಿಸುತ್ತೀರಿ, ಅಲ್ವಾ? ನಿಮ್ಮ 14 ಅಂದರೆ ಏರಿದ ದನಿ. 0.6 ಅಂದರೆ ಒಳಗಿನಿಂದ ಬಂದ ಕ್ಷೀಣವಾದ ‘ಹೂಂ’. ಕೂಗು ಜಾಸ್ತಿ, ಉತ್ತರ ಕಡಿಮೆ. ಡಾಕ್ಟರು ಹೇಳಿದ್ದು ಉತ್ತರದ ಬಗ್ಗೆ, ನೀವು ನೋಡಿದ್ದು ಕೂಗನ್ನು. ಇಬ್ಬರೂ ಸರಿ.

ಪಿಟ್ಯುಟರಿಯ ಕಿವಿ ಬಹಳ ಸೂಕ್ಷ್ಮ. ಟಿ4 ಸ್ವಲ್ಪ ಇಳಿದರೂ ಅದು ತುಂಬಾ ಜೋರಾಗಿ ಕೂಗುತ್ತದೆ. ಟಿ4 ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ಎರಡು ಪಟ್ಟಲ್ಲ, ಹತ್ತಾರು ಪಟ್ಟು ಏರುತ್ತದೆ, ಕೆಲವರಲ್ಲಿ ನೂರು ಪಟ್ಟಿನ ಹತ್ತಿರಕ್ಕೂ ಹೋಗುತ್ತದೆ. ಆದ್ದರಿಂದ 14 ನೋಡಿ ‘ಮೂರು ಪಟ್ಟಿಗಿಂತ ಜಾಸ್ತಿ ಕೆಟ್ಟಿದೆ’ ಅಂತ ಲೆಕ್ಕ ಹಾಕಬೇಡಿ. ಈ ಸಂಖ್ಯೆ ಹಾಗೆ ನಡೆಯುವುದಿಲ್ಲ. ಇದೇ ಸೂಕ್ಷ್ಮತೆಯಿಂದಾಗಿ ಡಾಕ್ಟರುಗಳು ಮೊದಲು ಟಿಎಸ್‌ಎಚ್ ನೋಡುತ್ತಾರೆ. ಟಿ4 ಇನ್ನೂ ಮಿತಿಯೊಳಗೆ ಇರುವಾಗಲೇ ಕೂಗು ಏರಿರುತ್ತದೆ.

ಆದರೆ ಕೂಗನ್ನಷ್ಟೇ ಕೇಳಿ ತೀರ್ಮಾನ ಮಾಡಿದರೆ ಮೋಸ ಹೋಗಬಹುದು. ಕೆಲವರಲ್ಲಿ ಕೆಟ್ಟಿರುವುದು ಪಿಟ್ಯುಟರಿಯೇ. ಅಲ್ಲೊಂದು ಗಡ್ಡೆ ಬೆಳೆದಿರಬಹುದು, ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಅದು ಸತ್ತಿರಬಹುದು. ಆಗ ಟಿ4 ಕಡಿಮೆ ಇರುತ್ತದೆ, ಆದರೆ ಕೂಗುವವರೇ ಇಲ್ಲದ ಕಾರಣ ಟಿಎಸ್‌ಎಚ್ ಏರುವುದಿಲ್ಲ. ರಿಪೋರ್ಟಿನಲ್ಲಿ ಅದು ‘ನಾರ್ಮಲ್’ ಅಂತಲೇ ಕಾಣಬಹುದು! ಗ್ರೇವ್ಸ್ ಕಾಯಿಲೆಯಲ್ಲಿ ಇನ್ನೊಂದು ತಮಾಷೆ. ದೇಹದ ರೋಗನಿರೋಧಕ ವ್ಯವಸ್ಥೆ ಒಂದು ಪ್ರತಿಕಾಯವನ್ನು ತಯಾರಿಸುತ್ತದೆ. ಅದು ಟಿಎಸ್‌ಎಚ್ ದನಿಯನ್ನೇ ಅನುಕರಿಸಿ ಹಗಲೂ ರಾತ್ರಿ ಥೈರಾಯ್ಡನ್ನು ಕೂಗುತ್ತದೆ. ಥೈರಾಯ್ಡ್ ಸುರಿಸುತ್ತಲೇ ಇರುತ್ತದೆ. ನಿಜವಾದ ಪಿಟ್ಯುಟರಿ ಗಾಬರಿಯಿಂದ ಬಾಯಿ ಮುಚ್ಚುತ್ತದೆ, ಟಿಎಸ್‌ಎಚ್ ಸೊನ್ನೆಯ ಹತ್ತಿರ ಬರುತ್ತದೆ. ಕಳ್ಳದನಿ ಮಾತ್ರ ನಿಲ್ಲುವುದಿಲ್ಲ. ಹಾಗಾಗಿ ಯಾವ ಹಾರ್ಮೋನಿನ ಸಂಖ್ಯೆಯನ್ನೇ ಆಗಲಿ ಒಂಟಿಯಾಗಿ ಓದಬಾರದು. ಅದರ ಜೋಡಿ ಯಾವುದು ಅಂತ ಕೇಳಬೇಕು. ನಿಮ್ಮ ರಿಪೋರ್ಟಿನಲ್ಲಿ ಜೋಡಿ ಇದೆ, ಎರಡೂ ಒಂದೇ ಕಥೆ ಹೇಳುತ್ತಿವೆ.

ಈಗ ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ, ಅದರಲ್ಲೇ ಉಳಿದ ಉತ್ತರವೂ ಇದೆ. ಬೆವರು, ಜೊಲ್ಲು, ಕಣ್ಣೀರಿನ ಗ್ರಂಥಿಗಳಿಗೆ ಒಂದು ನಾಳ ಇರುತ್ತದೆ, ರಸ ಅದರಲ್ಲಿ ಹೊರಬರುತ್ತದೆ. ಥೈರಾಯ್ಡ್, ಅಡ್ರಿನಲ್ ಮುಂತಾದವಕ್ಕೆ ಅಂಥ ನಾಳ ಇಲ್ಲ. ಅವು ತಮ್ಮ ರಸವನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಅದಕ್ಕೇ ಕನ್ನಡದಲ್ಲಿ ಅವು ನಿರ್ನಾಳ ಗ್ರಂಥಿಗಳು.

ರಕ್ತದ ಮೂಲಕವೂ ಸುದ್ದಿ ಹೋಗುತ್ತದೆ ಅನ್ನುವುದು ನೂರಿಪ್ಪತ್ತು ವರ್ಷಗಳ ಹಿಂದೆ ಹೊಸ ಮಾತು. ಎಲ್ಲವನ್ನೂ ನಡೆಸುವುದು ನರಗಳೇ ಅಂತ ಎಲ್ಲರೂ ನಂಬಿದ್ದರು. ಊಟ ಕರುಳಿಗೆ ಇಳಿದಾಗ ಮೇದೋಜೀರಕ ಗ್ರಂಥಿ ರಸ ಸುರಿಸುತ್ತದಲ್ಲ, ಅದಕ್ಕೂ ನರವೇ ಕಾರಣ ಅನ್ನುವುದು ರಷ್ಯಾದ ವಿಜ್ಞಾನಿ ಪಾವ್ಲೋವ್ ಅಂಥವರ ಅಭಿಪ್ರಾಯ. 1902ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಇದನ್ನು ಪರೀಕ್ಷಿಸಿದರು. ನಾಯಿಯ ಸಣ್ಣ ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕಡಿದರು. ರಕ್ತನಾಳಗಳನ್ನು ಮಾತ್ರ ಉಳಿಸಿದರು. ಆ ತುಂಡಿನೊಳಗೆ ಆಮ್ಲ ಹಾಕಿದರು. ಮೇದೋಜೀರಕದಿಂದ ರಸ ಬಂತು! ಆಮೇಲೆ ಕರುಳಿನ ಒಳಪೊರೆಯನ್ನು ಕೆರೆದು, ಆಮ್ಲದ ಜೊತೆ ಅರೆದು, ಸೋಸಿ ರಕ್ತಕ್ಕೆ ಚುಚ್ಚಿದರು. ಮತ್ತೆ ರಸ ಬಂತು. ನರವೇ ಇಲ್ಲದೆ ಕರುಳು ಮೇದೋಜೀರಕಕ್ಕೆ ರಕ್ತದ ಮೂಲಕ ಹೇಳಿ ಕಳಿಸಿತ್ತು. ಆ ವಸ್ತುವಿಗೆ ಸಿಕ್ರೀಟಿನ್ ಅಂತ ಹೆಸರಿಟ್ಟರು. 1905ರಲ್ಲಿ ಸ್ಟಾರ್ಲಿಂಗ್ ಇಂಥ ವಸ್ತುಗಳಿಗೆಲ್ಲ ಹಾರ್ಮೋನ್ ಅನ್ನುವ ಪದ ಬಳಸಿದರು. ಗ್ರೀಕ್ ಮೂಲದ ಆ ಪದಕ್ಕೆ ಕೆರಳಿಸು, ಹೊರಡಿಸು ಅನ್ನುವ ಅರ್ಥ. ನನಗೆ ಈ ಪ್ರಯೋಗ ತುಂಬಾ ಇಷ್ಟ, ಏಕೆಂದರೆ ಮೊದಲ ಹಾರ್ಮೋನ್ ಸಿಕ್ಕಿದ್ದು ‘ಗ್ರಂಥಿ’ ಅಂತ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ಕರುಳಿನಲ್ಲಿ. ಹೃದಯ, ಕಿಡ್ನಿ, ಎಲುಬು, ಕೊನೆಗೆ ಕೊಬ್ಬು ಕೂಡ ಹಾರ್ಮೋನ್ ಮಾಡುತ್ತವೆ. ಕೊಬ್ಬಿನಿಂದ ಬರುವ ಲೆಪ್ಟಿನ್ ಗೊತ್ತಾಗಿದ್ದು 1994ರಲ್ಲಿ, ಮೊನ್ನೆ ಮೊನ್ನೆ ಅನ್ನಬಹುದು.

ರಕ್ತಕ್ಕೆ ಬಿದ್ದ ಹಾರ್ಮೋನಿಗೆ ಎಲ್ಲಿಗೆ ಹೋಗಬೇಕು ಅಂತ ಹೇಗೆ ಗೊತ್ತು? ಗೊತ್ತೇ ಇಲ್ಲ. ಅದು ಎಲ್ಲ ಕಡೆಗೂ ಹೋಗುತ್ತದೆ. ಸಂತೆಯಲ್ಲಿ ಯಾರೋ ಒಂದು ಹೆಸರು ಕೂಗಿದರೆ ಆ ಹೆಸರಿನವರಷ್ಟೇ ತಿರುಗಿ ನೋಡುತ್ತಾರೆ, ಹಾಗೆ. ಆ ಹಾರ್ಮೋನನ್ನು ಹಿಡಿಯುವ ಗ್ರಾಹಕ ಇರುವ ಜೀವಕೋಶಗಳಿಗೆ ಮಾತ್ರ ಅದು ಕೇಳಿಸುತ್ತದೆ. ಒಂದೇ ಹಾರ್ಮೋನನ್ನು ಬೇರೆ ಬೇರೆ ಅಂಗಗಳು ಬೇರೆ ಬೇರೆಯಾಗಿ ಕೇಳಿಸಿಕೊಳ್ಳುವುದೂ ಉಂಟು. ಅಡ್ರಿನಲಿನ್ ಬಂದರೆ ಹೃದಯ ಓಡುತ್ತದೆ, ಕರುಳು ನಿಧಾನವಾಗುತ್ತದೆ.

ವೇಗದ ವಿಷಯ ನಿಮಗೆ ನೇರವಾಗಿ ಬೇಕಾದದ್ದು. ಅಡ್ರಿನಲಿನ್, ಇನ್ಸುಲಿನ್ ತರಹದವು ಜೀವಕೋಶದ ಹೊರಗೋಡೆಯ ಮೇಲೆ ಕೂತು ಕೆಲಸ ಮಾಡಿಸುತ್ತವೆ. ಪರಿಣಾಮ ಸೆಕೆಂಡು, ನಿಮಿಷಗಳಲ್ಲಿ ಕಾಣುತ್ತದೆ. ಅಡ್ರಿನಲಿನ್ ರಕ್ತದಲ್ಲಿ ಎರಡು ಮೂರು ನಿಮಿಷಕ್ಕೆ ಅರ್ಧ ಕರಗಿಬಿಡುತ್ತದೆ. ಥೈರಾಯ್ಡ್ ಹಾರ್ಮೋನ್ ಹಾಗಲ್ಲ. ಅದು ಜೀವಕೋಶದೊಳಕ್ಕೆ ನುಗ್ಗಿ, ಅದರ ಕೇಂದ್ರಕ್ಕೆ ಹೋಗಿ, ಯಾವ ವಂಶವಾಹಿ ಎಷ್ಟು ಕೆಲಸ ಮಾಡಬೇಕು ಅನ್ನುವುದನ್ನೇ ಬದಲಿಸುತ್ತದೆ. ಹೊಸ ಪ್ರೋಟೀನುಗಳು ತಯಾರಾಗಬೇಕು. ಇದಕ್ಕೆ ದಿನಗಳು, ವಾರಗಳು ಬೇಕು. ನಿಮಗೆ ಸುಸ್ತು ಒಂದೇ ದಿನ ಬಂದಿಲ್ಲ, ನಿಧಾನವಾಗಿ ಮೈಗೆ ಹತ್ತಿದೆ. ಹೋಗುವಾಗಲೂ ಅಷ್ಟೇ ನಿಧಾನ. ಮೂರು ದಿನ ಮಾತ್ರೆ ತೆಗೆದುಕೊಂಡು ‘ಏನೂ ಆಗಲಿಲ್ಲ’ ಅಂತ ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ.

‘ಫ್ರೀ’ ಅನ್ನುವ ಪದವನ್ನೂ ಇಲ್ಲೇ ಮುಗಿಸಿಬಿಡೋಣ. ರಕ್ತದಲ್ಲಿರುವ ಟಿ4ನಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಪಾಲು ಪ್ರೋಟೀನುಗಳಿಗೆ ಅಂಟಿಕೊಂಡು ಗೋದಾಮಿನಲ್ಲಿ ಇರುವಂತೆ ಇರುತ್ತದೆ. ಬಿಡಿಯಾಗಿ ಓಡಾಡುವುದು ಚೂರೇ ಚೂರು, ಕೆಲಸ ಮಾಡುವುದೂ ಆ ಚೂರೇ. ಫ್ರೀ ಟಿ4 ಅಂದರೆ ಅದು. ಲಿವರ್ ಮತ್ತಿತರ ಅಂಗಗಳು ಟಿ4ನಿಂದ ಒಂದು ಅಯೋಡಿನ್ ಕಿತ್ತು ಅದನ್ನು ಟಿ3 ಮಾಡುತ್ತವೆ. ಟಿ3ಯೇ ನಿಜವಾದ ಕೆಲಸಗಾರ.

ಪಿಟ್ಯುಟರಿಯನ್ನು ‘ಗ್ರಂಥಿಗಳ ರಾಜ’ ಅಂತ ಶಾಲೆಯಲ್ಲಿ ಓದಿರುತ್ತೀರಿ. ಆ ಮಾತು ನನಗೆ ಅಷ್ಟು ಸರಿ ಕಾಣುವುದಿಲ್ಲ. ರಾಜನ ತಲೆಯ ಮೇಲೂ ಒಬ್ಬರಿದ್ದಾರೆ, ಮಿದುಳಿನ ಹೈಪೋಥಲಾಮಸ್. ಅದು ಕೆಲವು ಮಿಲಿಮೀಟರ್ ಉದ್ದದ ಖಾಸಗಿ ರಕ್ತನಾಳಗಳಲ್ಲಿ ಪಿಟ್ಯುಟರಿಗೆ ಸಂದೇಶ ಬಿಡುತ್ತದೆ. ಥೈರಾಯ್ಡಿನ ವಿಷಯದಲ್ಲಿ ಆ ಸಂದೇಶದ ಹೆಸರು ಟಿಆರ್‌ಎಚ್. ಇದನ್ನು ಹಿಡಿಯಲು ರೋಜರ್ ಗಿಲ್ಲೆಮಿನ್ ಮತ್ತು ಆಂಡ್ರ್ಯೂ ಶಾಲಿ ಅವರ ಎರಡು ತಂಡಗಳು ಲಕ್ಷಾಂತರ ಕುರಿ, ಹಂದಿಗಳ ಮಿದುಳಿನ ತುಣುಕುಗಳನ್ನು ಅರೆದವು. ಸಿಕ್ಕಿದ್ದು ಮಿಲಿಗ್ರಾಂ ಲೆಕ್ಕದ ವಸ್ತು. 1969ರಲ್ಲಿ ನೋಡಿದರೆ ಅದು ಬರೀ ಮೂರು ಅಮೈನೋ ಆಮ್ಲಗಳ ಪುಟ್ಟ ಸರಪಳಿ! ಇಬ್ಬರಿಗೂ 1977ರ ನೊಬೆಲ್ ಬಂತು. ಅದೇ ವರ್ಷ ನೊಬೆಲ್ ಹಂಚಿಕೊಂಡ ಇನ್ನೊಬ್ಬರು ರೊಸಾಲಿನ್ ಯಾಲೋ. ರಕ್ತದಲ್ಲಿ ಇರುವ ಅತಿ ಸಣ್ಣ ಪ್ರಮಾಣದ ಹಾರ್ಮೋನನ್ನು ಅಳೆಯುವ ವಿಧಾನ ಅವರದ್ದು ಮತ್ತು ಸಾಲಮನ್ ಬರ್ಸನ್ ಅವರದ್ದು. ನಿಮ್ಮ ಕೈಯಲ್ಲಿರುವ ರಿಪೋರ್ಟಿನ ಅಜ್ಜಿ ಆ ವಿಧಾನ.

ಇನ್ನು ಕೆಲವು ಗ್ರಂಥಿಗಳಿಗೆ ರಾಜನ ಹಂಗೇ ಇಲ್ಲ. ಮೇದೋಜೀರಕದೊಳಗಿನ ಬೀಟಾ ಕೋಶಗಳು ರಕ್ತದ ಸಕ್ಕರೆಯನ್ನು ತಾವೇ ರುಚಿ ನೋಡಿ ಇನ್ಸುಲಿನ್ ಬಿಡುತ್ತವೆ. ಲೆಕ್ಕ ನೋಡಿ: ಬೆಳೆದವರ ಸುಮಾರು ಐದು ಲೀಟರ್ ರಕ್ತದಲ್ಲಿ ಖಾಲಿ ಹೊಟ್ಟೆಯಲ್ಲಿ ಇರುವ ಸಕ್ಕರೆ ಒಟ್ಟು ಐದು ಗ್ರಾಂ ಆಸುಪಾಸು, ಒಂದು ಚಿಕ್ಕ ಚಮಚದಷ್ಟು. ಒಂದು ಊಟದಿಂದ ಒಳಗೆ ಬರುವುದು ಅದರ ಹತ್ತಾರು ಪಟ್ಟು. ಆದರೂ ಎರಡು ಮೂರು ಗಂಟೆಯಲ್ಲಿ ರಕ್ತ ಮತ್ತೆ ಆ ಒಂದು ಚಮಚಕ್ಕೇ ಬಂದು ನಿಲ್ಲುತ್ತದೆ. ಇಳಿಸುವುದು ಇನ್ಸುಲಿನ್. ಜಾಸ್ತಿ ಇಳಿಯದಂತೆ ಎತ್ತಿ ಹಿಡಿಯುವುದು ಪಕ್ಕದ ಆಲ್ಫಾ ಕೋಶಗಳ ಗ್ಲುಕಗಾನ್. ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡ ನಾಲ್ಕು ಪ್ಯಾರಾಥೈರಾಯ್ಡ್‌ಗಳೂ ಹೀಗೆಯೇ, ಅವು ಕ್ಯಾಲ್ಸಿಯಮ್ಮನ್ನು ಕಾಯುತ್ತವೆ. ಅಕ್ಕಿ ಕಾಳಿನಷ್ಟಿವೆ, ಆದರೆ ಅವಿಲ್ಲದಿದ್ದರೆ ಸ್ನಾಯುಗಳು ಹಿಡಿದುಕೊಂಡು ಜೀವಕ್ಕೇ ಸಂಚಕಾರ.

ಉತ್ತರ ಬಂದ ಕೂಡಲೇ ಕೂಗು ನಿಲ್ಲುವುದು ಸಾಮಾನ್ಯ ನಿಯಮ. ಉಲ್ಟಾ ನಡೆಯುವ ಸಂದರ್ಭವೂ ಇದೆ. ಹೆರಿಗೆಯಲ್ಲಿ ಗರ್ಭಕೋಶ ಹಿಂಡಿದಷ್ಟೂ ಆಕ್ಸಿಟೋಸಿನ್ ಜಾಸ್ತಿಯಾಗುತ್ತದೆ, ಅದು ಜಾಸ್ತಿಯಾದಷ್ಟೂ ಗರ್ಭಕೋಶ ಇನ್ನೂ ಹಿಂಡುತ್ತದೆ. ಮಗು ಹೊರಬಂದ ಮೇಲಷ್ಟೇ ಇದು ನಿಲ್ಲುವುದು. ದೇಹಕ್ಕೆ ಒಂದು ಕೆಲಸ ಮುಗಿಸಲೇಬೇಕಾದಾಗ ಮಾತ್ರ ಈ ದಾರಿ.

ಸರಿ, ‘ಸೋಮಾರಿ ಗ್ರಂಥಿ’ಯ ಭಯಕ್ಕೆ ಬರೋಣ. ಈ ಭಯಕ್ಕೆ ಅರ್ಥ ಇದೆ, ಆದರೆ ನಿಮಗಲ್ಲ. ಅದು ನಿಜವಾಗಿ ಅನ್ವಯಿಸುವುದು ಸ್ಟಿರಾಯ್ಡ್ ಮಾತ್ರೆಗಳಿಗೆ. ಕಿಡ್ನಿಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಮಾಡುತ್ತವೆ, ಸ್ಟಿರಾಯ್ಡ್ ಮಾತ್ರೆಗಳು ಅದರಂತೆಯೇ ಕೆಲಸ ಮಾಡುತ್ತವೆ. ಅವುಗಳನ್ನು ಕೂಗುವುದೂ ಪಿಟ್ಯುಟರಿಯೇ, ಎಸಿಟಿಎಚ್ ಅನ್ನುವ ಹಾರ್ಮೋನಿನ ಮೂಲಕ. ಆಸ್ತಮಾಕ್ಕೋ ಕೀಲುನೋವಿಗೋ ಪ್ರೆಡ್ನಿಸೋಲೋನ್ ತರಹದ ಮಾತ್ರೆಯನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ತೆಗೆದುಕೊಂಡರೆ ಪಿಟ್ಯುಟರಿಗೆ ‘ಕಾರ್ಟಿಸಾಲ್ ಬೇಕಾದಷ್ಟಿದೆ’ ಅನ್ನಿಸುತ್ತದೆ. ಅದು ಕೂಗುವುದನ್ನು ನಿಲ್ಲಿಸುತ್ತದೆ. ಕೂಗಿಲ್ಲದೆ ಅಡ್ರಿನಲ್‌ಗಳು ನಿಜಕ್ಕೂ ಸೊರಗುತ್ತವೆ. ಆಗ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಹೊರಗಿನದ್ದೂ ಇಲ್ಲ, ಒಳಗಿನದ್ದೂ ಇಲ್ಲ. ವಾಂತಿ, ರಕ್ತದೊತ್ತಡ ಕುಸಿತ, ಪ್ರಾಣಾಪಾಯ. ಅವು ಎಚ್ಚರಗೊಳ್ಳಲು ತಿಂಗಳುಗಳು ಬೇಕಾಗಬಹುದು. ಅದಕ್ಕೇ ಸ್ಟಿರಾಯ್ಡನ್ನು ಡಾಕ್ಟರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು. ನಿಮ್ಮ ಮನೆಯಲ್ಲಿ ಯಾರಾದರೂ ತೆಗೆದುಕೊಳ್ಳುತ್ತಿದ್ದರೆ ಈ ಪ್ಯಾರಾವನ್ನು ಅವರಿಗೆ ಓದಿ ಹೇಳಿ.

ನಿಮ್ಮ ಥೈರಾಯ್ಡಿನ ಕಥೆ ಬೇರೆ. ಅಯೋಡಿನ್ ಸಾಕಷ್ಟು ಸಿಗುವವರಲ್ಲಿ ಥೈರಾಯ್ಡ್ ಸೋಲಲು ಹೆಚ್ಚಾಗಿ ಕಾರಣವಾಗುವುದು 1912ರಲ್ಲಿ ಹಕಾರು ಹಶಿಮೊಟೊ ವಿವರಿಸಿದ ಕಾಯಿಲೆ. ರೋಗನಿರೋಧಕ ಶಕ್ತಿ ತನ್ನದೇ ಥೈರಾಯ್ಡನ್ನು ಪರಕೀಯ ಅಂದುಕೊಂಡು ನಿಧಾನವಾಗಿ ಹಾಳು ಮಾಡುತ್ತದೆ. ಮಾತ್ರೆ ಬರುವ ಮೊದಲೇ ಗ್ರಂಥಿ ಸೋತಿದೆ. ಎಷ್ಟು ಕೂಗಿದರೂ ಅದಕ್ಕೆ ಕೊಡಲು ಆಗುತ್ತಿಲ್ಲ. ಮಾತ್ರೆ ಆ ಕೊರತೆಯನ್ನು ತುಂಬುತ್ತದೆ ಅಷ್ಟೆ. ಸೋಮಾರಿತನ ಕಲಿಸುವುದಿಲ್ಲ. ಆರೋಗ್ಯವಾಗಿರುವ ಥೈರಾಯ್ಡ್ ಇದ್ದವರು ಸುಮ್ನೆ ಈ ಮಾತ್ರೆ ತೆಗೆದುಕೊಂಡು ಬಿಟ್ಟರೂ ಕೆಲವು ವಾರಗಳಲ್ಲಿ ಪಿಟ್ಯುಟರಿ ಮತ್ತೆ ಕೂಗುತ್ತದೆ, ಗ್ರಂಥಿ ಮತ್ತೆ ಓಗೊಡುತ್ತದೆ. (ಹಾಗಂತ ತೂಕ ಇಳಿಸಲು ಇದನ್ನು ತೆಗೆದುಕೊಳ್ಳಬೇಡಿ. ಹೃದಯದ ಲಯ ತಪ್ಪುತ್ತದೆ, ಎಲುಬು ಸವೆಯುತ್ತದೆ.) ಹೆರಿಗೆಯಾದ ಮೊದಲ ವರ್ಷದಲ್ಲಿ ಬರುವ ಥೈರಾಯ್ಡ್ ಊತದಂಥ ಕೆಲವು ತೊಂದರೆಗಳು ತಾವಾಗಿಯೇ ವಾಸಿಯಾಗುವುದುಂಟು. ಇತ್ತೀಚೆಗೆ ಹೆರಿಗೆಯಾಗಿದ್ದರೆ ಡಾಕ್ಟರಿಗೆ ಹೇಳಿ, ‘ಜೀವನಪೂರ್ತಿ’ ಅನ್ನುವ ಮಾತು ಬದಲಾಗಬಹುದು.

ಮಾತ್ರೆಯ ವಿಷಯದಲ್ಲಿ ನಾನು ಒತ್ತಿ ಹೇಳುವುದು ಇವಿಷ್ಟು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ಗಂಟೆ ಏನೂ ತಿನ್ನಬೇಡಿ. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆಯ ಅಂತರ ಇರಲಿ, ಇಲ್ಲದಿದ್ದರೆ ಅವು ಹೊಟ್ಟೆಯಲ್ಲೇ ಇದನ್ನು ಹಿಡಿದಿಟ್ಟುಕೊಳ್ಳುತ್ತವೆ. ಕೂದಲಿಗೆ ಅಂತ ಬಯೋಟಿನ್ ಅನ್ನುವ ವಿಟಮಿನ್ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಎರಡು ಮೂರು ದಿನ ಮುಂಚೆ ನಿಲ್ಲಿಸಿ. ಅದು ನಿಮ್ಮ ಥೈರಾಯ್ಡನ್ನು ಏನೂ ಮಾಡುವುದಿಲ್ಲ, ಲ್ಯಾಬಿನ ಯಂತ್ರಕ್ಕೆ ಮಂಕುಬೂದಿ ಎರಚುತ್ತದೆ. ಗರ್ಭಿಣಿ ಅಂತ ಗೊತ್ತಾದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ, ಅದೇ ವಾರ ಡಾಕ್ಟರಿಗೆ ತಿಳಿಸಿ. ಆಗ ಡೋಸ್ ಜಾಸ್ತಿ ಬೇಕಾಗುತ್ತದೆ. ‘ಥೈರಾಯ್ಡಿಗೆ ಒಳ್ಳೆಯದು’ ಅಂತ ಅಯೋಡಿನ್ ಮಾತ್ರೆ ತೆಗೆದುಕೊಳ್ಳುವುದು ಬೇಡ. ಹಶಿಮೊಟೊ ಇದ್ದವರಲ್ಲಿ ಅತಿಯಾದ ಅಯೋಡಿನ್ ಗ್ರಂಥಿಯನ್ನು ಇನ್ನಷ್ಟು ಕುಗ್ಗಿಸಬಹುದು. ‘ಹಾರ್ಮೋನ್ ಬ್ಯಾಲೆನ್ಸ್’ ಪುಡಿ, ಡಬ್ಬಿಗಳಿಗೆ ದುಡ್ಡು ಹಾಕಲೂಬೇಡಿ. ಯಾವ ಹಾರ್ಮೋನ್, ಯಾವುದರ ಜೊತೆ ಬ್ಯಾಲೆನ್ಸ್ ಅಂತ ಕೇಳಿ ನೋಡಿ, ಉತ್ತರ ಬರುವುದಿಲ್ಲ.

ತೂಕದ ಬಗ್ಗೆ ಒಂದು ಕಹಿ ಮಾತು. ಥೈರಾಯ್ಡ್ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕಿಲೋ, ಅದರಲ್ಲೂ ಬಹುಪಾಲು ಉಪ್ಪು ಮತ್ತು ನೀರು. ಹತ್ತು ಹದಿನೈದು ಕಿಲೋ ಏರಿದ್ದರೆ ಬೇರೆ ಕಾರಣವನ್ನೂ ಹುಡುಕಬೇಕು. ಸುಸ್ತಿಗೂ ಹಾಗೆಯೇ. ಟಿಎಸ್‌ಎಚ್ ಸರಿಹೋದ ಮೇಲೂ ಸುಸ್ತು ಉಳಿದರೆ ರಕ್ತಹೀನತೆ, ನಿದ್ದೆ, ಮನಸ್ಸಿನ ಸ್ಥಿತಿ ಇವನ್ನೆಲ್ಲ ನೋಡಿಸಿ. ಡೋಸ್ ಏರಿಸಿ ಅಂತ ಡಾಕ್ಟರಿಗೆ ದುಂಬಾಲು ಬೀಳಬೇಡಿ.

‘ಜೀವನಪೂರ್ತಿ’ ಅನ್ನುವ ಪದ ಭಾರ ಅನ್ನಿಸಿದರೆ ಒಂದು ಹಳೆಯ ಕಥೆ ಹೇಳುತ್ತೇನೆ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಅನ್ನುವ ಯುವ ವೈದ್ಯ, ಥೈರಾಯ್ಡ್ ಪೂರ್ತಿ ಸೋತು ಮುಖ, ಕೈ ಊದಿ ಮಾತೇ ನಿಧಾನವಾಗಿದ್ದ 46 ವರ್ಷದ ಹೆಂಗಸಿಗೆ ಕುರಿಯ ಥೈರಾಯ್ಡಿನ ರಸ ಚುಚ್ಚಿದರು. ಆಕೆ ಚೇತರಿಸಿಕೊಂಡರು. ಆಮೇಲೆ 28 ವರ್ಷ ಬದುಕಿದರು. ಅಷ್ಟು ಕಾಲಕ್ಕೆ 800ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು. ನಿಮಗೆ ಬೇಕಾಗಿರುವುದು ದಿನಕ್ಕೆ ಒಂದು ಮಿಲಿಗ್ರಾಮಿನ ಹತ್ತರಲ್ಲಿ ಒಂದು ಪಾಲಿನ ಆಸುಪಾಸು, ಅದೂ ಥೈರಾಯ್ಡ್ ಮಾಡುವ ಟಿ4ನ ತದ್ರೂಪವೇ.

ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ತೆಗೆದುಕೊಳ್ಳುತ್ತದೆ. ಹಾಗಾಗಿ ಒಂದು ದಿನ ಮರೆತರೆ ಗಾಬರಿ ಬೇಡ. ಇದೇ ಕಾರಣಕ್ಕೆ ಮುಂದಿನ ರಕ್ತ ಪರೀಕ್ಷೆಯನ್ನು ಆರು ವಾರಕ್ಕಿಂತ ಮೊದಲು ಮಾಡಿಸಬೇಡಿ. ಟಿ4 ಮಟ್ಟ ನೆಲೆಯಾಗಲು ಒಂದು ತಿಂಗಳಿಗೂ ಜಾಸ್ತಿ ಬೇಕು, ಕೂಗಿ ಕೂಗಿ ಅಭ್ಯಾಸವಾದ ಪಿಟ್ಯುಟರಿ ದನಿ ತಗ್ಗಿಸಲು ಇನ್ನೂ ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ. ಎರಡನೇ ವಾರವೇ ಪರೀಕ್ಷೆ ಮಾಡಿಸಿ 10 ಬಂತು ಅಂತ ನೊಂದುಕೊಳ್ಳಬೇಡಿ. ಆಗ ಅದು ಇಳಿಯುವ ದಾರಿಯಲ್ಲಿ ಇರುತ್ತದೆ.